ಹೊರಗಟ್ಟುವ ಮಟ್ಟು

ಕೆಲೆಮೆನ್ ಪಿಟೀಲಿಗೆ ಕಮಾನು ಇಟ್ಟನೆಂದರೆ ಸೊಂಟ ಹಿಡಿದ ಮುದುಕಿಯರೂ ಕೋಲು ಬಿಸಾಕಿ ಏಳುತ್ತಿದ್ದರು. ಒಮ್ಮೆ ಚಿಮಣಿಯ ಮೇಲಿನ ಕೊಕ್ಕರೆಯೇ ಕುಣಿದು ಕಾಲು ಉಳುಕಿಸಿಕೊಂಡಿತ್ತು. ಟ್ರಾನ್ಸಿಲ್ವೇನಿಯದ ನಮ್ಮ ಕಡೆ ಕೊಕ್ಕರೆಗಳು ಒಂಟಿಕಾಲಲ್ಲಿ ನಿಲ್ಲುವುದು ಅದಕ್ಕೇ.

ಹಾಗಿರುವಾಗ, ಸುಗ್ಗಿ ಮುಗಿದ ಶನಿವಾರದ ಸಂಜೆಯ ಕುಣಿತದಲ್ಲಿ ಬೊರೊಕಾ ಎಂಬ ಹುಡುಗಿ ಅವನ ಬೆರಳುಗಳನ್ನೇ ನೋಡುತ್ತಾ ನಿಂತದ್ದು ತಪ್ಪೇ?

ತಪ್ಪೇ ಆಯಿತು. ಹುಲ್ಲಿನ ಕೊಟ್ಟಿಗೆಯ ಆಚೆ ಕಂಬದಿಂದ ಗಿರಣಿಯವರ ಮಗ ಬಾಲಿಂಟ್ ಗದ್ದ ಎತ್ತಿ ಕರೆದಿದ್ದ. ನಮ್ಮಲ್ಲಿ ಕುಣಿಯಲು ಬಾ ಎಂದು ಯಾರೂ ಬಾಯಿಬಿಟ್ಟು ಕರೆಯುವುದಿಲ್ಲ. ಗದ್ದ ಎತ್ತಿದರೆ ಹುಡುಗಿ ಹೋಗಬೇಕು. ಬೊರೊಕಾ ನೋಡಲೇ ಇಲ್ಲ. ಸಾಲದ್ದಕ್ಕೆ, ಚಿಕ್ಕಪ್ಪನ ಮಗ ಕೈಹಿಡಿದು ಎಳೆದಾಗ ಅವನ ಜೊತೆ ಕುಣಿದೂಬಿಟ್ಟಳು. ಬಾಲಿಂಟನ ಗೆಳೆಯರು ಹೊಟ್ಟೆ ಹಿಡಿದು ನಕ್ಕರು.

ಬಾಲಿಂಟ್ ಅವಳ ಹತ್ತಿರ ಬಂದು ಹಲ್ಲು ಕಚ್ಚಿದ. "ನಾಳೆ ಊರೆಲ್ಲಾ ಸೇರ್ಲಿ. ನಿಂಗೆ ಹೊರಗಟ್ಟೋ ಮಟ್ಟು ಬಾರಿಸೋಕೆ ಹೇಳ್ತೀನಿ."

ಆ ಮಟ್ಟು ಶುರುವಾದರೆ ಕುಣಿತ ನಿಲ್ಲುತ್ತದೆ. ಕರೆಗೆ ಓಗೊಡದ ಹುಡುಗಿ ಎಲ್ಲರ ಕಣ್ಣೆದುರು ಒಬ್ಬಳೇ ನಡೆದು ಬಾಗಿಲು ದಾಟಬೇಕು. ಮತ್ತೆ ಅವಳನ್ನು ಕುಣಿಯಲು ಕರೆಯುವವರಿಲ್ಲ, ಹೆಣ್ಣು ಕೇಳಿಕೊಂಡು ಮನೆಗೆ ಬರುವವರಿಲ್ಲ. ಅವಳ ಸೋದರತ್ತೆ ಝೋಫಿಯಾ ಹಾಗೆ ನಡೆದವಳು. ತಲೆ ನರೆತರೂ, ಪಿಟೀಲು ಕೇಳಿದರೆ ಇಂದಿಗೂ ಕಿಟಕಿ ಮುಚ್ಚುತ್ತಾಳೆ.

"ಅತ್ತೆ, ನಾಳೆ ಮನೇಲೇ ಇದ್ಬಿಡ್ಲಾ?"

"ಹೋಗದಿದ್ರೆ ಬಾಗಿಲಿಗೇ ಬಂದು ಬಾರಿಸ್ತಾರೆ ಕಣೇ ಕೂಸೇ."

ಭಾನುವಾರ ಚರ್ಚು ಬಿಟ್ಟ ಮೇಲೆ ಕೆಲೆಮೆನ್ ಬಾವಿಕಟ್ಟೆಯ ಮೇಲೆ ಕೂತು ಕಮಾನಿಗೆ ರಾಳ ಉಜ್ಜುತ್ತಿದ್ದ. ಬೊರೊಕಾ ಲಂಗದ ಅಂಚು ಹಿಂಡುತ್ತಾ ಅವನ ಮುಂದೆ ನಿಂತಳು.

"ಬಾಲಿಂಟ್ ಹೇಳಿದ್ರೂ ಆ ಮಟ್ಟು ಬಾರಿಸ್ಬೇಡ ಕೆಲೆಮೆನ್. ನಿನ್ ಕಾಲಿಗೆ ಬೀಳ್ತೀನಿ."

"ಕೇಳಿದ್ದನ್ನ ಬಾರಿಸದವನನ್ನ ಯಾವ ಊರಲ್ಲಿ ಕರೀತಾರೆ ಹೇಳು? ನಮ್ ಹೊಟ್ಟೆಪಾಡು." ಅವನು ತಲೆ ಎತ್ತಲಿಲ್ಲ. "ಅಲ್ಲ, ಅವ್ನು ಕರೆದಾಗ ಹೋಗ್ಬಾರ್ದಿತ್ತಾ?"

"ನಾನು ನೋಡ್ಲಿಲ್ಲ."

"ಅಷ್ಟು ದೊಡ್ಡ ಗದ್ದ! ಪಕ್ಕದೂರಿಗೂ ಕಾಣುತ್ತೆ. ಏನ್ ನೋಡ್ತಿದ್ದೆ ಮತ್ತೆ?"

ಅವಳ ಕಿವಿ ಕೆಂಪು ಮೆಣಸಿನಕಾಯಿಯಾಯಿತು. "ನಿನ್ ಬೆರಳು!" ಎಂದವಳೇ ಓಡಿದಳು.

ರಾಳದ ಉಂಡೆ ಬಾವಿಗೆ ಬಿತ್ತು.

ಮಧ್ಯಾಹ್ನ ಕೊಟ್ಟಿಗೆ ತುಂಬಿತು. ಒಂದೊಂದು ಹಾಡು ಮುಗಿದಾಗಲೂ ಬೊರೊಕಾ ಬಾಲಿಂಟನತ್ತ ಕಣ್ಣು ಹಾಯಿಸುತ್ತಿದ್ದಳು. ಕಡೆಗೆ ಬಾಲಿಂಟ್ ಕೈ ಎತ್ತಿದ.

"ನಿಲ್ಸಿ! ಆ ಬೊರೊಕಾಗೆ ಹೊರಗಟ್ಟೋ ಮಟ್ಟು!"

ಕೊಟ್ಟಿಗೆಯಲ್ಲಿ ಸೊಳ್ಳೆ ಕೆಮ್ಮಿದರೂ ಕೇಳುವಷ್ಟು ಮೌನ. ಅವಳು ಕೆಲೆಮೆನ್‌ನ ಮುಖ ನೋಡಿದಳು. ಅವನು ಕಮಾನು ಎತ್ತಿದ. ಬಾರಿಸಿಯೇ ಬಿಟ್ಟ.

ಬೊರೊಕಾ ನಡೆದಳು. ಬಾಗಿಲು ಹತ್ತಿರವಾಯಿತು. ಆದರೆ ಪಿಟೀಲು ಮಾತ್ರ ದೂರವಾಗಲಿಲ್ಲ. ಹೊಸ್ತಿಲ ಮೇಲೆ ಹೆದರುತ್ತಲೇ ತಿರುಗಿದಳು.

ಕೆಲೆಮೆನ್ ಅವಳ ಬೆನ್ನಿಗೇ ಇದ್ದ, ಬಾರಿಸುತ್ತಾ. ಅವನ ಹಿಂದೆ ವಯೋಲದವನು, ಅಂದರೆ ದಪ್ಪ ದನಿಯ ಪಿಟೀಲಿನವನು. ಅವನ ಹಿಂದೆ ಬಾಸ್ ಪಿಟೀಲನ್ನು ಹಂದಿಮರಿಯಂತೆ ತಬ್ಬಿಕೊಂಡ ಮುದುಕ ಆಂದೋರ್ ಕೂಗುತ್ತಿದ್ದ. "ಎಲ್ಲಿಗೋ ಹೊರಟೆ ಪಾಪಿ?"

"ಬಾ ಮಾವ, ಹೇಳ್ತೀನಿ!"

ಬಾಲಿಂಟ್ ಕಿರುಚಿದ. "ಏಯ್! ನೀನ್ಯಾಕೋ ಹೋಗ್ತಿದೀಯ?"

"ಬಾರ್ಸು ಅಂದೆ, ಬಾರಿಸ್ತಿದೀನಿ. ನಿಂತ್ಕೊಂಡೇ ಬಾರ್ಸು ಅನ್ಲಿಲ್ವಲ್ಲ!"

ಹುಡುಗಿಯ ಹಿಂದೆ ವಾದ್ಯದವರು ನಡೆಯುವುದು ನಮ್ಮಲ್ಲಿ ಒಂದೇ ದಿನ, ಅವಳು ಮದುವಣಗಿತ್ತಿಯಾದ ದಿನ. ಮೊದಲು ಮುದುಕಿಯರಿಗೆ ಹೊಳೆಯಿತು. ಹೋ ಎಂದು ಕೂಗಿ ಎದ್ದರು. ಸಂಗೀತವೇ ಹೊರಟ ಮೇಲೆ ಒಳಗೆ ಕೂತು ಮಾಡುವುದೇನು? ಊರೆಲ್ಲ ಬೀದಿಗೆ ಬಂತು. ಕೊಟ್ಟಿಗೆಯಲ್ಲಿ ಉಳಿದದ್ದು ಬಾಲಿಂಟ್ ಮತ್ತು ಒಂದು ಕಾವುಕೋಳಿ.

ಮೆರವಣಿಗೆ ಝೋಫಿಯಾಳ ಮನೆಯ ಮುಂದೆ ಬಂದಿತು. ಅದೇ ಮಟ್ಟು. ಕಿಟಕಿ ಮುಚ್ಚಿತ್ತು. ಆಮೇಲೆ ಕಿಟಕಿಯ ಒಂದು ಬಾಗಿಲು ತೆರೆಯಿತು, ಇನ್ನೊಂದೂ ತೆರೆಯಿತು.

ಕೆಲೆಮೆನ್ ಪಿಟೀಲನ್ನು ವಯೋಲದವನ ಕೈಗಿತ್ತು, ದೂರ ಸರಿದು ನಿಂತು, ಗದ್ದ ಎತ್ತಿದ. "ಈಗ ಕಾಣ್ತಾ?"

"ಕಾಣ್ತು. ಕಾಲು ಇನ್ನೂ ನಡುಗ್ತಿದೆ ಕಣೋ."

"ನಂದೂ. ಎಲ್ಲರನ್ನೂ ಕುಣ್ಸಿದ್ದೇ ಆಯ್ತು, ನಾನ್ ಯಾವತ್ತೂ ಕುಣಿದೇ ಇಲ್ಲ."

ಅವಳು ಹೋದಳು. ಮೊದಲ ಸುತ್ತಿನಲ್ಲೇ ಅವನು ಅವಳ ಕಾಲು ತುಳಿದ.