ಹಾಡಿನಲ್ಲಿ ಸತ್ತಿದ್ದ ಅಪ್ಪ

ಎಲ್ಜಿ ನೇಪಿಯರ್ ಅಲ್ಲಿಯವರೆಗೆ ಬದುಕಿದ್ದ ಎಂಬುದು ದೇಶಕ್ಕೆ ಗೊತ್ತಾದದ್ದು ಅವನ ಹೆಣ ಸಿಕ್ಕ ಮೇಲೆ.

ಹೆಣ ಅಡುಗೆಮನೆಯ ನೆಲದ ಮೇಲಿತ್ತು. ತಲೆ ಒಡೆದಿತ್ತು. ಒಲೆಯ ಕಬ್ಬಿಣದ ಸಲಾಕೆ ಪಕ್ಕದಲ್ಲೇ ಬಿದ್ದಿತ್ತು. ಮುದುಕನ ಪಿಟೀಲನ್ನು ಯಾರೋ ತುಳಿದು ಚೂರು ಮಾಡಿದ್ದರು. ಆ ಚೂರುಗಳ ನಡುವೆ ಉಗುರಿನಷ್ಟು ದೊಡ್ಡ ತುಣುಕೊಂದು — ಬಾಲ ಅಲುಗಿಸಿ ಸದ್ದು ಮಾಡುವ ವಿಷದ ಗಿಲಕಿ ಹಾವಿನ ಬಾಲದ ಗಿಲಕಿಯದು.

ಹೆಣದ ಬಳಿ ಕೂತು ಅಳುತ್ತಿದ್ದವನು ಇಂಡಿಯಾನಾದಿಂದ ಬಂದಿದ್ದ ಲೆಸ್ಟರ್ ಪಿಕೆಟ್ ಎಂಬ ಗೋದಾಮಿನ ಕೆಲಸಗಾರ. ಅವನ ಜೇಬಿನಲ್ಲಿ ಆ ಮನೆಯ ಮೆಟ್ಟಿಲಿನ ಕಲ್ಲಿನ ಚೂರು. ಶೆರಿಫನಿಗೆ ಇನ್ನೇನು ಬೇಕು? ಲೆಸ್ಟರ್ ಲಾಕಪ್ಪಿಗೆ ಹೋದ. ಮರುದಿನ ಸಂಜೆಯೊಳಗೆ ಕೊಲೆಯ ಆರೋಪ ಹೊರಿಸಿ ದೊಡ್ಡ ಜೈಲಿಗೆ ಸಾಗಿಸುವುದೆಂದು ತೀರ್ಮಾನವೂ ಆಯಿತು. ಅಲ್ಲಿಗೆ ಹೋದವನು ಜೀವಂತ ಹೊರಬರುವುದು ಕನಸಿನ ಮಾತು.

ತನಿಖೆ ನಡೆಸುತ್ತಿದ್ದ ಪೊಲೀಸ್ ಅಧಿಕಾರಿ ನೋಲಾ ಫ್ಯೂಗೇಟ್‌ಗೆ ಮಾತ್ರ ಸಮಾಧಾನವಿರಲಿಲ್ಲ. ಅವಳು ಕೆಂಟಕಿಯ ಆ ಬೆಟ್ಟಗಳ ಸಂದಿನಲ್ಲೇ ಹುಟ್ಟಿ ಬೆಳೆದವಳು. ಎಲ್ಜಿಯ ಮನೆಗೆ ಜನರನ್ನು ಎಳೆದು ತರುತ್ತಿದ್ದ ಹಾಡೊಂದು ಅವಳಿಗೆ ಆರು ತಿಂಗಳಿಂದ ತಲೆನೋವು.

ಎಲ್ಜಿಯ ಮಗಳು ರಾಮೋನಾ ಹಾಡಿದ್ದ ‘ಗೋಡೆಯ ಮೇಲೆ ಅಪ್ಪನ ಪಿಟೀಲು’ ಅಮೆರಿಕದ ಹಳ್ಳಿಗಾಡಿನ ‘ಕಂಟ್ರಿ’ ಹಾಡುಗಳ ಪಟ್ಟಿಯ ತುದಿ ಹತ್ತಿ ಕೂತಿತ್ತು. ಅಪ್ಪ ಸತ್ತಿದ್ದಾನೆ, ಮನೆ ಖಾಲಿ, ಗಾಳಿ ಬೀಸಿದಾಗ ಪಿಟೀಲಿನೊಳಗಿನ ಹಾವಿನ ಗಿಲಕಿ ಅಲುಗಿ ಮಗಳನ್ನು ಕರೆಯುತ್ತದೆ — ಇಷ್ಟೇ ಹಾಡು. ಎಲ್ಲವೂ ನಡೆದದ್ದೇ ಎಂದು ರಾಮೋನಾ ಪ್ರತಿ ವೇದಿಕೆಯಲ್ಲೂ ಹೇಳುತ್ತಿದ್ದಳು. ಲಾರಿ ಚಾಲಕರು ಗಾಡಿ ಬದಿಗೆ ನಿಲ್ಲಿಸಿ ಅಳುತ್ತಿದ್ದರು. ಜನ ಮನೆ ಹುಡುಕಿಕೊಂಡು ಬಂದು ನೆನಪಿಗೆಂದು ಕಲ್ಲು, ಗೂಟ ಕಿತ್ತೊಯ್ಯುತ್ತಿದ್ದರು. ಬಂದವರಿಗೆಲ್ಲ ಎಲ್ಜಿ ತಾನು ಮನೆ ಕಾಯುವವನೆಂದು ಹೇಳಿ ಕಾಫಿ ಕೊಟ್ಟು ಕಳಿಸುತ್ತಿದ್ದ. ಮಗಳ ಮಾನ ಕಾಪಾಡಿದ ಪುಣ್ಯಾತ್ಮ.

ಮರುದಿನ ಬೆಳಿಗ್ಗೆ ನೋಲಾ ಮೊದಲು ಲಾಕಪ್ಪಿಗೆ ಹೋದಳು.

“ಗಿಲಕಿ ಕದಿಯೋಕೆ ಬಂದಿದ್ಯಾ?”

“ಇಲ್ಲಮ್ಮ. ಒಂದ್ಸಲ ನೋಡ್ಬೇಕು ಅನ್ನಿಸ್ತು. ನಮ್ಮಪ್ಪ ಚಳಿಗಾಲದಲ್ಲಿ ಹೋದ. ಮಣ್ಣು ಮಾಡಿದಾಗ್ಲೂ ನಂಗೆ ಅಳು ಬರ್ಲಿಲ್ಲ. ಈ ಹಾಡು ಕೇಳಿದ ಮೇಲೇ ಬಂದಿದ್ದು.”

“ಬಾಗಿಲು ಯಾರು ತೆಗೆದ್ರು?”

“ತೆಗೆದೇ ಇತ್ತು. ಆ ಯಜಮಾನ್ರು ಆಗ್ಲೇ ತಣ್ಣಗಾಗಿದ್ರು. ಒಬ್ರನ್ನೇ ಬಿಟ್ಟು ಹೇಗೆ ಬರ್ಲಿ ಅಂತ ಕೂತ್ಕೊಂಡೆ.”

ನೋಲಾಳ ಕೋಣೆಯಲ್ಲಿ ಮೂವರು ಕಾಯುತ್ತಿದ್ದರು. ಕಪ್ಪು ಉಡುಪಿನ ರಾಮೋನಾ. ಊರಲ್ಲೇ ಉಳಿದು ಅಪ್ಪನನ್ನು ನೋಡಿಕೊಂಡಿದ್ದ ಅವಳ ಅಣ್ಣ ಆರ್ವಿಲ್. ಮತ್ತೆ ರಾಮೋನಾಳ ವ್ಯವಹಾರವನ್ನೆಲ್ಲ ನೋಡಿಕೊಳ್ಳುವ, ನ್ಯಾಶ್‌ವಿಲ್‌ನ ಪ್ರೆಸ್ಟನ್ ಹೇಲ್. ಮೇಜಿನ ಮೇಲೆ ಪಿಟೀಲಿನ ಚೂರುಗಳು.

“ಅಪ್ಪನ್ನ ಕೊನೇಲಿ ನೋಡಿದ್ದು ಯಾವಾಗ, ರಾಮೋನಾ?”

“ವರ್ಷಗಳೇ ಆಯ್ತು.”

“ಕೊಂದು ಮಾತ್ರ ಆರೇ ತಿಂಗಳು,” ಎಂದ ಆರ್ವಿಲ್.

ನೋಲಾ ಆರ್ವಿಲ್ ಕಡೆ ತಿರುಗಿದಳು.

“ಅವರು ಬದುಕಿರೋದು ಯಾರಿಗೆಲ್ಲ ಗೊತ್ತಿತ್ತು?”

“ಊರಿಗೆಲ್ಲ ಗೊತ್ತಿತ್ತು,” ಎಂದ ಆರ್ವಿಲ್. “ಹೋದ ವಾರ ಅಪ್ಪ ನ್ಯಾಶ್‌ವಿಲ್ ಆಫೀಸಿಗೆ ಫೋನೂ ಮಾಡಿದ. ಹಾಡಿಗೆ ಪ್ರಶಸ್ತಿ ಕೊಡೋ ದಿನ ಬಂದು ಮುಂದೆ ಕೂತ್ಕೋತೀನಿ, ಮಗಳ ಮುಖ ನೋಡ್ಬೇಕು ಅಂತ.”

“ನಂಗೆ ಯಾರೂ ಹೇಳ್ಲೇ ಇಲ್ಲ,” ಎಂದಳು ರಾಮೋನಾ.

“ಅಂಥ ಫೋನೇ ಬಂದಿಲ್ಲ.” ಹೇಲ್‌ನ ದನಿ ಬೆಣ್ಣೆ. “ಹಾಡಲ್ಲಿರೋದೆಲ್ಲ ನಿಜ ಅಂತಾನೇ ರಾಮೋನಾ ನಂಗೂ ಹೇಳಿದ್ದು. ಮುದುಕ ಬದುಕಿದ್ದ ಅಂತ ಗೊತ್ತಾಗಿದ್ದೇ ನಿನ್ನೆ, ರೇಡಿಯೋದಲ್ಲಿ. ಯಾವನೋ ಹುಚ್ಚು ಅಭಿಮಾನಿ, ಪಾಪ. ಒಂದು ಗಿಲಕಿಗೋಸ್ಕರ ಪ್ರಾಣ ತೆಗೆಯೋದಾ?”

ನೋಲಾ ಪಿಟೀಲಿನ ಬೆನ್ನಿನ ಹಲಗೆಯನ್ನು ಕೈಗೆತ್ತಿಕೊಂಡಳು.

“ಆರ್ವಿಲ್, ನಮ್ಮ ಕಡೆಯವ್ರು ಪಿಟೀಲೊಳಗೆ ಗಿಲಕಿ ಹಾಕೋದು ಯಾಕೆ?”

“ಜೇಡ ಸೇರ್ಬಾರ್ದು ಅಂತ. ನುಡಿಸಿದಾಗೆಲ್ಲ ಅದು ಒಳಗೆ ಉರುಳಾಡಿ ಧೂಳು, ಬಲೆ ಎಲ್ಲ ಗುಡಿಸಿ ಹಾಕುತ್ತೆ.”

“ಹಾಗಾದ್ರೆ ಇದೇನು?”

ಹಲಗೆಯ ಒಳಮೈಗೆ ಜೇಡರಬಲೆ ಪದರಪದರವಾಗಿ ಅಂಟಿಕೊಂಡಿತ್ತು. ಧೂಳು ತುಂಬಿ ಹಳೇ ಕಂಬಳಿಯಂತಾಗಿತ್ತು. ಶೆರಿಫ್ ಅದನ್ನು ಕಸವೆಂದುಕೊಂಡಿದ್ದ.

“ಅಪ್ಪನ ಪಿಟೀಲಲ್ಲಿ ಗಿಲಕಿ ಯಾವತ್ತೂ ಇರ್ಲಿಲ್ಲ,” ಎಂದ ಆರ್ವಿಲ್. “ನಮ್ಮಮ್ಮ ಸತ್ತಿದ್ದೇ ಆ ಹಾವು ಕಚ್ಚಿ. ಚರ್ಚಲ್ಲಿ, ದೇವರ ಮೇಲಿನ ನಂಬಿಕೆ ತೋರಿಸೋಕೆ ಅಂತ ಎಲ್ಲರ ಹಾಗೆ ಹಾವನ್ನ ಕೈಲಿ ಹಿಡ್ಕೊಂಡಿದ್ಲು. ಅದರ ಒಂದು ಚೂರನ್ನೂ ಅಪ್ಪ ಹೊಸಿಲು ದಾಟೋಕೆ ಬಿಡ್ತಿರ್ಲಿಲ್ಲ.”

“ಮತ್ತೆ ಹಾಡಲ್ಲಿ ಬಂದಿದ್ದು, ರಾಮೋನಾ?”

“ನಾನೇ ಸೇರಿಸ್ದೆ.” ಅವಳ ದನಿ ಕೇಳಿಸದಷ್ಟು ಸಣ್ಣದಾಗಿತ್ತು. “ಕೇಳೋಕೆ ಚೆನ್ನಾಗಿರುತ್ತೆ ಅಂತ.”

ಹೇಲ್ ಮೇಜಿನ ಮೇಲಿದ್ದ ತುಣುಕನ್ನು ಆಗ ದಿಟ್ಟಿಸಿ ನೋಡಿದ.

“ಪಿಟೀಲು ಖಾಲಿ,” ಎಂದಳು ನೋಲಾ. “ಹಾಗಿದ್ರೆ ಈ ತುಣುಕು ನೆಲದ ಮೇಲೆ ಹೇಗೆ ಬಂತು? ಗಿಲಕಿ ಕದಿಯೋಕೆ ಬರೋ ಅಭಿಮಾನಿ ಮನೆಯಿಂದ ಗಿಲಕಿ ತಗೊಂಡು ಬರ್ತಾನಾ? ಇದನ್ನ ತಂದು ಹಾಕಿದವನಿಗೆ, ಯಾವನೋ ಅಭಿಮಾನಿ ಪಿಟೀಲು ಒಡೆದು ಗಿಲಕಿ ಕದ್ದ, ಒಂದು ಚೂರು ಉದುರಿತು ಅಂತ ಕಾಣ್ಬೇಕಿತ್ತು. ಅಣ್ಣ ತಂಗಿ ಇಬ್ಬರಿಗೂ ಪಿಟೀಲು ಖಾಲಿ ಅಂತ ಗೊತ್ತು, ಅವರು ಈ ತಪ್ಪು ಮಾಡಲ್ಲ. ಎಲ್ಜಿಯನ್ನ ಹಾಡಿಂದ ಮಾತ್ರ ಬಲ್ಲವನು ಮಾಡೋ ತಪ್ಪು ಇದು. ಫೋನ್ ತಗೊಂಡಾಗ ನಿಮಗೆ ಹಾಡಿನ ಒಂದು ಸುಳ್ಳು ಗೊತ್ತಾಯ್ತು, ಹೇಲ್ ಅವರೇ. ಇನ್ನೊಂದು ಸುಳ್ಳು ಗಿಲಕಿ, ಅದನ್ನ ನಂಬ್ಕೊಂಡೇ ಬೆಟ್ಟ ಹತ್ತಿದ್ರಿ.”

ಹೇಲ್ ಕುರ್ಚಿಗೆ ಒರಗಿದ.

“ಅವನು ಬಂದು ಮುಂದೆ ಕೂತಿದ್ರೆ ಎಲ್ಲ ಮುಗೀತಿತ್ತು,” ಎಂದ. “ನಾನು ಮಾತಾಡೋಕೆ ಅಂತ ಹೋಗಿದ್ದು, ಅಷ್ಟೇ. ಒಪ್ಪಲಿಲ್ಲ.”

“ಮಾತಾಡೋಕೆ ಹೋಗೋವನು ಜೇಬಲ್ಲಿ ಗಿಲಕಿ ಇಟ್ಕೊಂಡು ಹೋಗಲ್ಲ,” ಎಂದು ನೋಲಾ ಅವನ ಕೈಗೆ ಬೇಡಿ ತೊಡಿಸಿದಳು.

ಸಂಜೆ ಲೆಸ್ಟರ್‌ನನ್ನು ಹೊರಗೆ ಬಿಟ್ಟರು. ಪಡಸಾಲೆಯ ಬೆಂಚಿನ ಮೇಲೆ ರಾಮೋನಾ ಒಬ್ಬಳೇ ಕೂತಿದ್ದಳು. ಅವನು ಗುರುತು ಹಿಡಿದು ಟೋಪಿ ತೆಗೆದ.

“ಅವರು ನಿಜವಾಗ್ಲೂ ನಿಮ್ಮಪ್ಪಾನೇ ಅಂತೆ?”

ಅವಳು ಹೌದೆಂದು ತಲೆಯಾಡಿಸಿದಳು.

“ಅಂದ್ರೆ ಇಷ್ಟು ದಿನಾನೂ ಅಲ್ಲೇ ಇದ್ರು.” ಲೆಸ್ಟರ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. “ನೀವು ಯಾವತ್ತು ಬೇಕಾದ್ರೂ ಹೋಗಿ ನೋಡಬಹುದಿತ್ತು.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಹೊಟ್ಟೆಕಿಚ್ಚಿತ್ತು. ಅವನು ಟೋಪಿ ಹಾಕಿಕೊಂಡು ಹೊರಟುಹೋದ.