ಭಯ ಕಳೆಯುವ ಅಂಟುಪಟ್ಟಿ

ಫಕೀರೇಶನ ಕಿವಿಯ ಹಿಂದೆ ಬಿಂದಿಯಗಲದ ಅಂಟುಪಟ್ಟಿ ಹಚ್ಚಿ ಇಪ್ಪತ್ತು ದಿನವಾಗಿತ್ತು. ಅಣ್ಣ ತೀರಿಕೊಂಡ ಮೇಲೆ ಏಳು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದವನು ಈಗ ಗದಗದ ದವಾಖಾನೆಯಲ್ಲಿ ಕೂತು ಎರಡನೇ ಸಲ ಚಹಾ ಕೇಳಿ ಕುಡಿಯುತ್ತಿದ್ದ. ಅವನನ್ನು ನೋಡಿ ಡಾ. ನೀಲಾಂಬಿಕಾಳ ಕಣ್ಣು ತುಂಬಿತು. ಆ ಅಂಟುಪಟ್ಟಿ ಅವಳದೇ ಶೋಧ. ಮೆದುಳಿನಲ್ಲಿ ಬಾದಾಮಿ ಬೀಜದಷ್ಟು ಭಾಗವೊಂದಿದೆ. ಭಯ, ಆತಂಕಗಳ ಗಂಟೆ ಬಾರಿಸುವುದು ಅದೇ. ಖಿನ್ನತೆ ಹಿಡಿದವರಲ್ಲಿ ಆ ಗಂಟೆ ಬಿಡುವಿಲ್ಲದೆ ಹೊಡೆದುಕೊಳ್ಳುತ್ತದೆ. ಚರ್ಮದ ಮೂಲಕ ಇಳಿಯುವ ಈ ಔಷಧ ಅದನ್ನು ಸುಮ್ಮನಾಗಿಸುತ್ತದೆ. ೨೦೬೧ರ ಯುಗಾದಿಗೆ ಅದು 'ಹಗುರ' ಎಂಬ ಹೆಸರಿನಲ್ಲಿ ಅಂಗಡಿಗೆ ಬಂದಿತ್ತು.

ರೋಗ ಎಷ್ಟು ಗುಣವಾಗಿದೆಯೆಂದು ಅಳೆಯುವ ಪ್ರಶ್ನಾವಳಿಯ ಇಪ್ಪತ್ತೊಂದು ಪ್ರಶ್ನೆಗಳಿಗೂ ಫಕೀರೇಶ ನಗುನಗುತ್ತ ಉತ್ತರಿಸಿದ. ಭಯ? ಚೂರೂ ಇಲ್ಲ. ಪೂರ್ತಿ ಅಂಕ.

ಅವನು ಹೊರಗೆ ಹೋದದ್ದೇ ಜೊತೆಗೆ ಬಂದಿದ್ದ ಹೆಂಡತಿ ಕಸ್ತೂರಿ ಬಾಗಿಲು ಮುಚ್ಚಿದಳು. ಗಂಡ ಹೆಂಡತಿ ಇಬ್ಬರೂ ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಹತ್ತಿ ರಿಪೇರಿ ಮಾಡುವ ಜೋಡಿ. ನೂರು ಮೀಟರ್ ಎತ್ತರದಲ್ಲಿ ಯಂತ್ರದ ಗೂಡಿನಿಂದ ಹೊರಗೆ ಕಾಲಿಡುವ ಮೊದಲು ಒಬ್ಬರ ಸೊಂಟದ ಹಗ್ಗವನ್ನು ಇನ್ನೊಬ್ಬರು ಜಗ್ಗಿ ನೋಡಬೇಕು. ಅದು ಆ ಕೆಲಸದವರ ಕಟ್ಟಳೆ.

"ಅಕ್ಕಾರ, ಇವರು ನನಗ ಹಗ್ಗ ಜಗ್ಗಾಕ ಬಿಡವಲ್ರು. ಮೊನ್ನೆ ಹಗ್ಗದ ಕೊಂಡಿ ಹಾಕ್ಕೊಳ್ಳದ ಹೊರಗ ಹೋದ್ರು. ನಾ ಚೀರಿದ್ರ, 'ಯಾಕ ಅಂಜತಿ, ಹುಚ್ಚಿ' ಅಂತ ನಕ್ಕರು. ಇವರಿಗೆ ಧೈರ್ಯ ಬಂದಿಲ್ರಿ. ಅಂಜಿಕಿನ ಸತ್ತೈತಿ."

ನೀಲಾಂಬಿಕಾ ಫಕೀರೇಶನನ್ನು ಒಳಗೆ ಕರೆದು ಪಟ್ಟಿ ಕಿತ್ತಳು. ಆದರೆ ಕಿತ್ತ ಮೇಲೂ ಔಷಧದ ಪರಿಣಾಮ ಆರು ವಾರ ಉಳಿಯುತ್ತದೆ. ಅಷ್ಟು ದಿನ ಅವನನ್ನು ಮೇಲೆ ಹತ್ತಿಸಬಾರದೆಂದು ಚೀಟಿ ಬರೆದುಕೊಟ್ಟಳು. ಕೂಡಲೇ 'ಹಗುರ' ತಯಾರಿಸುವ ಕಂಪನಿಯ ಮಾರಾಟದ ಮುಖ್ಯಸ್ಥ ಸತ್ಯಜಿತನಿಗೆ ಫೋನ್ ಮಾಡಿ, ಪೆಟ್ಟಿಗೆಯ ಮೇಲೆ ಒಂದು ಸಾಲು ಎಚ್ಚರಿಕೆ ಅಚ್ಚು ಹಾಕಿಸಿ ಎಂದಳು.

"ಭಯ ಹೋಗಿದೆ ಅಂದ್ರೆ ಗುಣ ಆಗಿದೆ ಅಂತ ತಾನೇ ಮೇಡಂ? ಆ ಪ್ರಶ್ನಾವಳಿ ನೀವೇ ಮಾಡಿದ್ದು. ಇವತ್ತಿನವರೆಗೆ ಒಬ್ಬ ರೋಗಿಯೂ ದೂರು ಕೊಟ್ಟಿಲ್ಲ."

"ಅಂಜಿಕಿನ ಇಲ್ಲದವರು ದೂರು ಯಾಕ ಕೊಡ್ತಾರ್ರೀ? ಅವನ ಹೆಂಡತಿ ಕೊಡಾಕತ್ತಾಳ!"

"ಹೆಂಡತಿ ನಮ್ಮ ಔಷಧ ತಗೊಂಡಿಲ್ವಲ್ಲ ಮೇಡಂ. ರೋಗಿಯ ಸಹಿ ಇದ್ರೆ ಕಳಿಸಿ, ನೋಡೋಣ."

ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತು ಮುಗಿಸಿ ಫೋನಿಟ್ಟ. ನಾಚಿಕೆಗೆಟ್ಟವನು! ಆದರೆ ಅವಳ ಮೈ ಉರಿದದ್ದು ಅವನ ಮೇಲಿನ ಸಿಟ್ಟಿನಿಂದಷ್ಟೇ ಅಲ್ಲ. ರೋಗಿಯ ಜೊತೆ ಬದುಕುವವರು ಏನು ಕಂಡರು ಎಂದು ಕೇಳಬೇಕೆಂಬುದು ಪ್ರಶ್ನಾವಳಿ ಬರೆಯುವಾಗ ಅವಳಿಗೂ ಹೊಳೆದಿರಲಿಲ್ಲ.

ಗಾಳಿಯಂತ್ರಗಳ ಗುತ್ತಿಗೆದಾರ ಡಾಕ್ಟರರ ಚೀಟಿಯನ್ನು ಓದಿ, ಪೆಟ್ಟಿಗೆಯ ಮೇಲೆ ಇಂಥದ್ದೇನೂ ಬರೆದಿಲ್ಲವಲ್ಲ ಎಂದು ರಜೆ ಕೊಡಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ, ಕಸ್ತೂರಿ ಕೈ ಚಾಚುವಷ್ಟರಲ್ಲಿ, ಫಕೀರೇಶ ಬಿದ್ದ.

ನೀಲಾಂಬಿಕಾ ಕೆಲಸ ಬಿಟ್ಟು ವಿಚಾರಣೆಗೆ ಹಟ ಹಿಡಿದಳು. ಕಂಪನಿ ವರ್ಷದ ವರದಿಯನ್ನು ಮುಂದಿಟ್ಟಿತು: ನೂರಕ್ಕೆ ತೊಂಬತ್ತೆರಡು ಮಂದಿ ಸಂಪೂರ್ಣ ಗುಣಮುಖ. ಗುಣಮುಖರ ಯಾದಿಯಲ್ಲಿ ಫಕೀರೇಶನ ಹೆಸರೂ ಇತ್ತು. ಕೊನೆಯ ಸಲ ಪೂರ್ತಿ ಅಂಕ ಬಂದಿದ್ದವಲ್ಲ! ಸಾವಿನ ಕಾಲಮ್ಮಿನಲ್ಲಿ, 'ಅಪಘಾತ, ಔಷಧಕ್ಕೆ ಸಂಬಂಧವಿಲ್ಲ.'

"ಇವರ ಹೆಸರು ಇದರಾಗಿಂದ ತಗಸ್ರಿ ಅಕ್ಕಾರ," ಎಂದಳು ಕಸ್ತೂರಿ. "ಸತ್ತವರನ್ನ ತೋರಿಸಿ ಔಷಧ ಮಾರಬ್ಯಾಡ ಅನ್ರಿ."

ಇದು ಮುಂದೆಂದೋ ನಡೆಯುವ ಕತೆ. ಆದರೆ ಪೆಟ್ಟಿಗೆಯ ಮೇಲಿನ 'ನೂರಕ್ಕೆ ತೊಂಬತ್ತೆರಡು' ಓದಿ ನಂಬುವವರು ನಾವು ಇಂದೇ ಇದ್ದೇವೆ. ಆ ತೊಂಬತ್ತೆರಡರಲ್ಲಿ ಬದುಕಿರುವವರು ಎಷ್ಟು ಎಂದು ನಮ್ಮಲ್ಲಿ ಯಾರೂ ಕೇಳಿಲ್ಲ.