ದುಖಾನ್‌ಗೆ ಕಳಿಸಲು ನೀವ್ಯಾರು?

“ಇದು ದುಖಾನ್ ಅಲ್ಲ ಮೇಡಂ! ಇಲ್ಲಿ ಏಳು ಗಂಟೆ ಅಂದ್ರೆ ಏಳೇ ಗಂಟೆ!”

ದೋಹಾದ ಮದೀನತ್ ಖಲೀಫಾ ಬಡಾವಣೆಯ ಕ್ಲಿನಿಕ್ಕಿನಲ್ಲಿ, ಹತ್ತು ಜನರ ಎದುರು, ನರ್ಸಿಂಗ್ ಸೂಪರ್‌ವೈಸರ್ ಸುಪ್ರೀತ್ ಮೊದಲ ದಿನವೇ ತಡವಾಗಿ ಬಂದ ತೃಷಾಗೆ ಹೇಳಿದ ಮೊದಲ ಮಾತದು. ಅವಳ ಕಿವಿ ಬಿಸಿಯಾಯಿತು.

ಐದು ವರ್ಷ ದೂರದ ದುಖಾನ್ ಎಂಬ ಸಣ್ಣ ಊರಿನಲ್ಲಿ, ಇದೇ ಕ್ಲಿನಿಕ್ಕಿನ ಪುಟ್ಟ ಶಾಖೆಯಲ್ಲಿ ನರ್ಸಾಗಿದ್ದವಳು. ಅಲ್ಲಿ ಡ್ಯೂಟಿಗೆ ನಡೆದೇ ಹೋಗುತ್ತಿದ್ದಳು. ಇಲ್ಲಿ ಅಲ್ ಹಿಲಾಲ್ ಬಡಾವಣೆಯ ತನ್ನ ರೂಮಿನಿಂದ ಕಾರಿನಲ್ಲಿ ಹೊರಟು, ಒಂದೇ ರೌಂಡಬೌಟನ್ನು ಮೂರು ಸಲ ಸುತ್ತಿ, ಹಿಂದಿನ ಕಾರುಗಳ ಹಾರ್ನಿಗೆ ಬೆವರಿ ಬಂದಿದ್ದಳು!

“ದಾರಿ ಗೊತ್ತಾಗ್ಲಿಲ್ಲ. ಹೊಸಬರಿಗೆ ಹೀಗಾ ಬೈಯುದು?” ಎಂದು ಸಿಡುಕಿದಳು.

ಮರುದಿನ ಅವನೇ ಬಂದು ಕ್ಷಮೆ ಕೇಳಿದ. ಆಮೇಲೆ ರಜಾದಿನವಾದ ಶುಕ್ರವಾರಗಳ ಬೆಳಿಗ್ಗೆ, ರಸ್ತೆಗಳು ಖಾಲಿ ಇರುವಾಗ, ಕಾರಿನಲ್ಲಿ ಅವಳ ಪಕ್ಕ ಕೂತು ಒಂದೊಂದೇ ದಾರಿ ಕಲಿಸಿದ. ಬರಬರುತ್ತಾ ಅವಳು ಶುಕ್ರವಾರಕ್ಕಾಗಿ ಕಾಯುವಂತಾದಳು...

ಮೂರನೇ ತಿಂಗಳು ಪತ್ರ ಬಂತು. ತೃಷಾಗೆ ಮತ್ತೆ ದುಖಾನ್‌ಗೆ ವರ್ಗ. ಶಿಫಾರಸು ಮಾಡಿದವನು ಸುಪ್ರೀತ್!

‘ನಾನು ಇಲ್ಲಿಗೆ ಲಾಯಕ್ಕಿಲ್ಲ ಅಂತ ತಾನೆ? ಪಕ್ಕದಲ್ಲಿ ನಗುನಗುತ್ತಾ ಕೂತು, ಬೆನ್ನ ಹಿಂದೆ ಇಂಥ ಕೆಲಸವಾ...’

ಅವನ ಕೋಣೆಯ ಬಾಗಿಲು ತಳ್ಳಿ ಒಳನುಗ್ಗಿದಳು.

“ಇದೆಂತ?” ಪತ್ರವನ್ನು ಮೇಜಿಗೆ ಬಡಿದಳು.

“ತೃಷಾ, ಕೂತ್ಕೊಳ್ಳಿ...”

“ಕೂರುದಿಲ್ಲ! ಮೊದಲ ದಿನ ಎಲ್ಲರೆದುರು ಅವಮಾನ. ಈಗ ಹೊರಗೆ ಹಾಕುದು. ನಾನೆಂತ ಪಾರ್ಸೆಲ್ಲಾ?”

ಅವನ ಮುಖ ಬಿಳಿಚಿಕೊಂಡಿತು. “ಹೋದ ವಾರ ಔಷಧಿ ರೂಮಲ್ಲಿ ಅಳ್ತಿದ್ರಿ. ‘ಈ ಊರಲ್ಲಿ ಉಸಿರು ಕಟ್ಟುತ್ತೆ, ದುಖಾನೇ ಸಾಕಿತ್ತು’ ಅಂತ ಯಾರಿಗೋ ಫೋನಲ್ಲಿ ಹೇಳ್ತಿದ್ರಿ. ಕೇಳಿ ಸಂಕಟ ಆಯ್ತು. ನೀವು ಹೋದ್ರೆ ನಂಗಿಲ್ಲಿ ಏನೂ ಉಳಿಯಲ್ಲ... ಆದ್ರೂ ಬರೆದೆ.”

ತೃಷಾಳ ಸಿಟ್ಟು ಇಳಿಯಲಿಲ್ಲ, ಕಣ್ಣೀರಾಗಿ ಇನ್ನಷ್ಟು ಉಕ್ಕಿತು.

“ಅತ್ತದ್ದು ಕೇಳಿತು. ಮುಖ ತೊಳೆದು ಮತ್ತೆ ಡ್ಯೂಟಿಗೆ ನಿಂತದ್ದು ಕಾಣ್ಲಿಲ್ವಾ? ನಂಗೆ ಎಂತ ಬೇಕಂತ ನನ್ನತ್ರ ಒಂದು ಮಾತು ಕೇಳ್ಲಿಕ್ಕೆ ಆಗ್ಲಿಲ್ವಾ ನಿಮಗೆ?”

“ತಪ್ಪಾಯ್ತು...” ಅವನು ಪತ್ರವನ್ನು ತನ್ನತ್ತ ಎಳೆದುಕೊಂಡ. “ಕೇಳೋಕೆ ಹೋದ್ರೆ, ‘ಹೋಗ್ಬೇಡಿ’ ಅಂತ ನನ್ನ ಬಾಯಲ್ಲೇ ಬಂದ್ಬಿಡುತ್ತೆ ಅಂತ ಭಯ ಇತ್ತು.”

ಹೊರಗೆ ಯಾವುದೋ ಕಾರು ಹಾರ್ನ್ ಹೊಡೆಯುತ್ತಲೇ ಇತ್ತು. ಇಬ್ಬರಿಗೂ ಅದು ಕೇಳಿಸಲಿಲ್ಲ.

“ಈಗ ಕೇಳಿ,” ಅಂದಳು.

“ಇಲ್ಲೇ ಇರ್ತೀರಾ ತೃಷಾ...? ನನ್ನ ಜೊತೆ?”

“ಈ ದೋಹಾ ನಂಗೆ ಇನ್ನೂ ಇಷ್ಟ ಇಲ್ಲ! ನೀವು ಇಷ್ಟ... ಅದಕ್ಕೇ ಇಷ್ಟು ಕೋಪ ಬಂದದ್ದು.”

ಅವನು ಮೆಲ್ಲನೆ ಕೈ ಚಾಚಿದ. “ಕೋಪ ಇಳೀತಾ?”

“ಇಲ್ಲ!” ಎಂದಳು, ಆ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು. “ಮೊದಲು ಹೋಗಿ ಆ ಆರ್ಡರ್ ಕ್ಯಾನ್ಸಲ್ ಮಾಡಿಸಿ.”

“ಕೈ ಬಿಟ್ರೆ ತಾನೆ ಹೋಗೋದು?”

ಅವಳು ಬಿಡಲಿಲ್ಲ.